ಬೇಸಗೆಯ ಕಲಿಕೆ ಮತ್ತು ಅದರ ಬೆಲೆ

ಬೇಸಗೆಯ ರಜೆ ಸಮೀಪಿಸಿತೆಂದರೆ ಕಾನೂನು ವಿದ್ಯಾರ್ಥಿಗಳು ಪರಿಚಯಪತ್ರಕ್ಕಾಗಿ ನನ್ನ ಬಳಿಗೆ ಬರುವುದು ವಾಡಿಕೆ. ಯಾವ ವಕೀಲರ ಕಚೇರಿಯಲ್ಲಿ ಹೆಚ್ಚು ಕಲಿಯಬಹುದೆಂದು ಕೆಲವರು ಕೇಳುತ್ತಾರೆ. ಊರಿಗೆ ಹತ್ತಿರವಾದ ಕಚೇರಿ ಯಾವುದೆಂದು ಉಳಿದವರು ಕೇಳುತ್ತಾರೆ. ಎರಡನೆಯ ಪ್ರಶ್ನೆ ಕೇಳುವವರು ಬುದ್ಧಿಯಲ್ಲಿ ಹಿಂದುಳಿದವರೆಂದು ನನಗೆ ಎಂದೂ ಅನಿಸಿಲ್ಲ. ಅವರು ಮನೆಯ ಲೆಕ್ಕವನ್ನು ಬಲ್ಲವರು, ಅಷ್ಟೇ.

ಪ್ರಾಯೋಗಿಕ ತರಬೇತಿ ಇಂದು ವಿದ್ಯಾರ್ಥಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳಂತೆ ಮೂರು ವರ್ಷದ ವ್ಯಾಸಂಗದವರು ಕನಿಷ್ಠ 12 ವಾರ, ಐದು ವರ್ಷದವರು ಕನಿಷ್ಠ 20 ವಾರ ಇಂಟರ್ನ್‌ಶಿಪ್ ಪೂರೈಸಲೇಬೇಕು. ವಿಚಾರಣಾ ನ್ಯಾಯಾಲಯದ ಹಾಗೂ ಮೇಲ್ಮನವಿ ನ್ಯಾಯಾಲಯದ ವಕೀಲರ ಬಳಿ ಒಮ್ಮೆಯಾದರೂ ಕಲಿತಿರಬೇಕು. ನಿಯಮವೇನೋ ಒಳ್ಳೆಯದೇ. ಪುಸ್ತಕದಲ್ಲಿ ಓದಿದ ಪಾಟೀಸವಾಲು ಕಟಕಟೆಯಲ್ಲಿ ನಿಂತ ಸಾಕ್ಷಿಯ ಮುಖವನ್ನು ಕಂಡಾಗಲೇ ಅರ್ಥವಾಗುವುದು. ಆದರೆ ಆ ವಾರಗಳಲ್ಲಿ ವಿದ್ಯಾರ್ಥಿ ತಂಗುವುದೆಲ್ಲಿ, ಉಣ್ಣುವುದೇನು ಎಂಬ ಬಗೆಗೆ ನಿಯಮ ಮೌನ ತಾಳಿದೆ.

ಮಹಾನಗರಗಳ ದೊಡ್ಡ ಕಾನೂನು ಸಂಸ್ಥೆಗಳು ಶಿಷ್ಯವೇತನ ಕೊಡುವುದುಂಟು. ಅಲ್ಲಿ ಸ್ಥಾನ ದೊರಕುವುದು ಬಹುಮಟ್ಟಿಗೆ ಹೆಸರಾಂತ ಕಾಲೇಜುಗಳವರಿಗೆ. ಕಡ್ಡಾಯವೆಂದು ವಿಧಿಸಿದ ವಕೀಲರ ಕಚೇರಿಗಳಲ್ಲಾದರೋ ಬರಿಗೈಯೇ ಸಾಮಾನ್ಯ. ಬೀದರಿನ ಬಡ ವಿದ್ಯಾರ್ಥಿನಿ ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ನಾಲ್ಕು ವಾರ ಕಲಿಯಬೇಕೆಂದರೆ ಕೋಣೆಯ ಬಾಡಿಗೆ, ಊಟ, ಓಡಾಟದ ಖರ್ಚುಗಳನ್ನು ತಂದೆ ತಾಯಿ ಹೊರಬೇಕು. ರಜೆಯಲ್ಲಿ ಆಕೆ ದುಡಿದು ತರಬಹುದಾಗಿದ್ದ ನಾಲ್ಕು ಕಾಸೂ ಆಗ ಇಲ್ಲವಾಗುತ್ತದೆ.

ಇಲ್ಲೊಂದು ವಿಪರ್ಯಾಸವನ್ನು ಗಮನಿಸಬೇಕು. ವಕೀಲರ ಅಧಿನಿಯಮವೂ ಅಪ್ರೆಂಟಿಸರ ಅಧಿನಿಯಮವೂ 1961ನೇ ಇಸವಿಯಲ್ಲಿಯೇ ಜನ್ಮ ತಾಳಿದವು. ಎರಡನೆಯದರ ಮೇರೆಗೆ ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಅಪ್ರೆಂಟಿಸ್‌ಗೆ ಕನಿಷ್ಠ ಶಿಷ್ಯವೇತನವನ್ನು ಮಾಲೀಕನು ಕೊಡಲೇಬೇಕು. ಕಲಿಯುವವನಿಗೂ ಹಸಿವುಂಟೆಂದು ಶಾಸನವು ಅಂದೇ ಒಪ್ಪಿತು. ಆ ಶಾಸನವನ್ನು ಓದಿ ವಾದಿಸಬೇಕಾದ ವಿದ್ಯಾರ್ಥಿಗೆ ಮಾತ್ರ ಅಂಥ ರಕ್ಷಣೆಯಿಲ್ಲ. ಪರಿಷತ್ತು 2024ರ ಅಕ್ಟೋಬರಿನಲ್ಲಿ ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮಾಂತರದಲ್ಲಿ 15,000 ರೂಪಾಯಿ ಕೊಡುವಂತೆ ಶಿಫಾರಸು ಮಾಡಿತು. ಅದು ಸನ್ನದು ಪಡೆದವರ ಮಾತು. ಸನ್ನದಿನವರೆಗೆ ತಲುಪುವ ದಾರಿಯ ಮಾತಲ್ಲ.

ಹಿರಿಯ ವಕೀಲರ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಹೊಸಬನಿಗೆ ಕಲಿಸುವುದರಲ್ಲಿ ತಮ್ಮ ಹೊತ್ತೇ ವ್ಯಯವಾಗುತ್ತದೆ, ತಾಲ್ಲೂಕಿನ ವಕೀಲನ ಸಂಪಾದನೆಯೇ ಅಷ್ಟಕ್ಕಷ್ಟೆ, ಹಣ ಕೊಡಲೇಬೇಕೆಂದರೆ ಬಾಗಿಲನ್ನೇ ಮುಚ್ಚಬೇಕಾದೀತು ಎನ್ನುತ್ತಾರೆ. ಮಾತು ನಿಜ. ಆದರೆ ಇದು ಗುರುಕುಲ ಪದ್ಧತಿಯೆಂದು ಅವರೇ ಸೇರಿಸುವಾಗ ನಾನೊಂದನ್ನು ನೆನಪಿಸಬೇಕಾಗುತ್ತದೆ: ಗುರುಕುಲದ ಶಿಷ್ಯನು ಸೌದೆ ಹೊತ್ತದ್ದು ದಿಟ, ಅವನು ಉಂಡದ್ದು ಗುರುವಿನ ಮನೆಯ ಅನ್ನವನ್ನು.

ಎಲ್ಲರ ಮೇಲೂ ಒಂದೇ ಹೊರೆ ಹೊರಿಸುವುದು ನ್ಯಾಯವಲ್ಲ. ಕಂಪನಿಗಳೂ ದೊಡ್ಡ ಸಂಸ್ಥೆಗಳೂ ತಾವೇ ಶಿಷ್ಯವೇತನ ಕೊಡಲಿ. ಸಣ್ಣ ಕಚೇರಿಗಳಲ್ಲಿ ಕಲಿಯುವ ಬಡ ವಿದ್ಯಾರ್ಥಿಗಳಿಗೆ ಪರಿಷತ್ತು, ವಿಶ್ವವಿದ್ಯಾಲಯ, ಸರ್ಕಾರಗಳು ಕೂಡಿ ಒಂದು ನಿಧಿಯಿಂದ ನೆರವಾಗಲಿ. ಎಲ್ಲ 20 ವಾರಗಳಿಗೂ ಒಮ್ಮೆಲೇ ಸಾಧ್ಯವಾಗದಿದ್ದರೆ, ವಕೀಲರ ಬಳಿ ಕಡ್ಡಾಯವಾಗಿ ಕಲಿಯಬೇಕಾದ ಆ ಒಂದು ಅವಧಿಗಾದರೂ ದೊರೆಯಲಿ. ಕಡ್ಡಾಯ ಮಾಡಿದವರು ಅದರ ವೆಚ್ಚದಲ್ಲಿಯೂ ಪಾಲು ಹೊರುವುದು ಧರ್ಮ.

ಹಣದ ಅಭಾವದಿಂದ ಯಾವ ಪ್ರಜೆಗೂ ನ್ಯಾಯ ತಪ್ಪಬಾರದೆಂದು 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಹೇಳುತ್ತದೆ. ಬಡ ಕಕ್ಷಿಗಾರನ ಕಷ್ಟವನ್ನು ಕೇಳುವ ಮೊದಲೇ ಅರಿತಿರುವ ವಕೀಲರು ಬಡವರ ಮನೆಗಳಿಂದಲೇ ಬರಬೇಕು. ಅವರಲ್ಲಿ ಎಷ್ಟೋ ಮಂದಿ ಈ ಬೇಸಗೆಯಲ್ಲಿಯೂ ಊರಿಗೆ ಹತ್ತಿರದ ಕಚೇರಿಯನ್ನೇ ವಿಚಾರಿಸುತ್ತಿರುತ್ತಾರೆ.