ನೇಕಾರರ ಆರೋಗ್ಯ ಮತ್ತು ಕೆಲಸದ ಸ್ವರೂಪ: ಇಳಕಲ್ ಕೈಮಗ್ಗಗಳನ್ನು ಕುರಿತು ಒಂದು ವಿಶ್ಲೇಷಣೆ

ಬೇವೂರಿನ ಆಸುಪಾಸಿನ ಬಾಗಲಕೋಟೆ, ಬಾದಾಮಿ, ಹುನಗುಂದ ಹಾಗೂ ಇಳಕಲ್ ಭಾಗಗಳಲ್ಲಿ ಕೃಷಿಯ ಜೊತೆಗೆ ನೇಕಾರಿಕೆಯೂ ಅನೇಕ ಕುಟುಂಬಗಳ ಜೀವನಾಧಾರವಾಗಿದೆ. ನೇಕಾರರಲ್ಲಿ ಕಂಡುಬರುವ ಬೆನ್ನುನೋವು, ಮಂಡಿನೋವು, ಕಣ್ಣಿನ ಆಯಾಸ ಮತ್ತು ಮಾನಸಿಕ ಒತ್ತಡಗಳನ್ನು ವಯೋಸಹಜವೆಂದು ಭಾವಿಸುವುದುಂಟು. ಕೆಲಸವನ್ನು ಏರ್ಪಡಿಸಿರುವ ರೀತಿಯೂ ಇವುಗಳಿಗೆ ಪ್ರಮುಖ ಕಾರಣವೆಂಬುದನ್ನು ಸಾರ್ವಜನಿಕರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ.

1. ಕೆಲಸದ ಸ್ಥಳ ಮತ್ತು ಭಂಗಿ

ಕುಣಿಮಗ್ಗದಲ್ಲಿ ನೇಕಾರರು ನೆಲದ ಮಟ್ಟದಲ್ಲಿ ಕುಳಿತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ದಿನವಿಡೀ ತುಳಿಯಬೇಕಾಗುತ್ತದೆ. ಬೆನ್ನಿಗೆ ಆಸರೆ ಇರುವುದಿಲ್ಲ. ಒಳಕೋಣೆಯಲ್ಲಿ ಬೆಳಕು ಸಾಲದಿದ್ದರೆ ಮುಂದಕ್ಕೆ ಬಾಗುವುದು ಅನಿವಾರ್ಯ. ಇಳಕಲ್ ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ತೋಪುತೆನಿ ವಿಧಾನದಲ್ಲಿ ಎಳೆ ಎಳೆಯಾಗಿ ಜೋಡಿಸುವ ಕಾರ್ಯವು ಕಣ್ಣು ಮತ್ತು ಬೆರಳುಗಳಿಗೆ ವಿಶೇಷ ಶ್ರಮ ನೀಡುತ್ತದೆ.

2. ಕೂಲಿಯ ಲೆಕ್ಕ

ಕೂಲಿಯನ್ನು ಸಾಮಾನ್ಯವಾಗಿ ಸೀರೆಗೆ ಇಷ್ಟೆಂದು ನಿಗದಿಪಡಿಸಲಾಗುತ್ತದೆ. ಆದರೆ ಕಂಡಿಕೆ ಸುತ್ತುವುದು, ಹಾಸು ಸಿದ್ಧಪಡಿಸುವುದು ಮುಂತಾದ ಪೂರ್ವಸಿದ್ಧತೆಯಲ್ಲಿ ಮನೆಯ ಮಹಿಳೆಯರು ಮತ್ತು ಹಿರಿಯರು ವ್ಯಯಿಸುವ ಸಮಯಕ್ಕೆ ಹಲವು ವೇಳೆ ಪ್ರತ್ಯೇಕ ಕೂಲಿ ಇರುವುದಿಲ್ಲ. ಆದುದರಿಂದ ಒಬ್ಬರ ಕೂಲಿಯಂತೆ ತೋರುವ ಮೊತ್ತವು ವಾಸ್ತವವಾಗಿ ಇಬ್ಬರು ಮೂವರ ದುಡಿಮೆಯ ಫಲ. ವಿಶ್ರಮಿಸಿದರೆ ಆದಾಯ ನಿಲ್ಲುವುದರಿಂದ ದುಡಿಮೆಯ ಅವಧಿ ಬೆಳೆಯುತ್ತದೆ.

ಕೆಲಸದ ಬೇಡಿಕೆ ಹೆಚ್ಚಿದ್ದು, ಅದರ ಮೇಲೆ ಹಿಡಿತ ಕಡಿಮೆಯಿದ್ದಲ್ಲಿ ಒತ್ತಡ ಹೆಚ್ಚುತ್ತದೆಂದು ರಾಬರ್ಟ್ ಕರಾಸೆಕ್ 1979ರಲ್ಲಿ ಪ್ರತಿಪಾದಿಸಿದರು. ಮಗ್ಗ ಮನೆಯಲ್ಲಿಯೇ ಇದ್ದರೂ ನೂಲು, ವಿನ್ಯಾಸ ಮತ್ತು ದರ ಬೇರೆಯವರ ಕೈಯಲ್ಲಿದ್ದರೆ ನೇಕಾರರಿಗೂ ಈ ಮಾತು ಅನ್ವಯಿಸುತ್ತದೆ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿವೆ.

3. ಕಾನೂನು ಮತ್ತು ಯೋಜನೆಗಳು

ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ, 2020 ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಇದು ಪ್ರಧಾನವಾಗಿ 10 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳನ್ನು ಕುರಿತದ್ದಾದ್ದರಿಂದ ಮನೆಯೊಳಗಿನ ಒಂಟಿ ಮಗ್ಗಕ್ಕೆ ಇದರ ರಕ್ಷಣೆ ಸುಲಭವಾಗಿ ತಲುಪದು. ರಾಜ್ಯ ಸರ್ಕಾರದ ನೇಕಾರ ಸಮ್ಮಾನ್ ಯೋಜನೆಯು 2020ರಲ್ಲಿ ವಾರ್ಷಿಕ ರೂ. 2,000 ನೆರವಿನೊಂದಿಗೆ ಆರಂಭವಾಗಿ, 2022ರಲ್ಲಿ ಆ ಮೊತ್ತವನ್ನು ರೂ. 5,000ಕ್ಕೆ ಹೆಚ್ಚಿಸಲಾಯಿತು, ಇದು ತಿಂಗಳಿಗೆ ಸುಮಾರು ರೂ. 417 ಆಗುತ್ತದೆ. ಈ ನೆರವು ಕುಟುಂಬಕ್ಕೆ ಉಪಯುಕ್ತ. ಆದರೆ ಕುಳಿತುಕೊಳ್ಳುವ ಭಂಗಿ, ಬೆಳಕು ಮತ್ತು ದುಡಿಮೆಯ ಅವಧಿ ಇದರಿಂದ ಬದಲಾಗುವುದಿಲ್ಲ.

4. ಅರ್ಜಿದಾರರ ಗಮನಕ್ಕೆ

(ಅ) ಮಗ್ಗ, ಕೆಲಸದ ಕೊಠಡಿ ಅಥವಾ ದೀಪದ ಸೌಲಭ್ಯ ಕೋರುವಾಗ ಆಸನದ ಎತ್ತರ, ಬೆನ್ನಿನ ಆಸರೆ, ಬೆಳಕು ಮತ್ತು ಗಾಳಿಯ ಅಗತ್ಯವನ್ನೂ ಸ್ಪಷ್ಟವಾಗಿ ತಿಳಿಸುವುದು.

(ಆ) ಪೂರ್ವಸಿದ್ಧತೆಯ ಗಂಟೆಗಳನ್ನು ಬರೆದಿಟ್ಟು, ಕೂಲಿ ಮಾತುಕತೆಯಲ್ಲಿ ಆ ಲೆಕ್ಕವನ್ನು ಮುಂದಿಡುವುದು.

(ಇ) ವೈದ್ಯರಿಗೆ ನೋವಿನೊಡನೆ ವೃತ್ತಿಯನ್ನೂ, ದಿನಕ್ಕೆ ಕುಳಿತುಕೊಳ್ಳುವ ಅವಧಿಯನ್ನೂ ತಿಳಿಸುವುದು.

ಚಿಕಿತ್ಸೆಯಿಂದ ಶಮನಗೊಂಡ ನೋವು ಅದೇ ಆಸನದಲ್ಲಿ ಅಷ್ಟೇ ಹೊತ್ತು ಕುಳಿತರೆ ಮರುಕಳಿಸಬಹುದು. ಆದ್ದರಿಂದ ಔಷಧಿಯ ಜೊತೆಗೆ ಕೆಲಸದ ಏರ್ಪಾಡನ್ನೂ ಸುಧಾರಿಸುವುದು ಅವಶ್ಯಕ.