ಕತ್ತಿಯ ಮೇಲೆ ಗೂಬೆ ಕೂರಿಸಬೇಡಿ

ಕೇದಾರ ಘಾಟ್‌ನಲ್ಲಿ ಕ್ಷೌರ ಮಾಡಿಸಿಕೊಂಡ ನಮ್ಮ ಕಡೆಯವರದ್ದು ಒಂದೇ ರಾಗ: "ಇವನ ಕತ್ತಿ ಸರಿ ಇಲ್ಲ ಸಾರ್, ಉರೀತಿದೆ!"

ಸ್ವಾಮೀ, ತಪ್ಪು ಕತ್ತಿಯದಲ್ಲ, ನಿಮ್ಮ ಅವಸರದ್ದು. ಒಣಗಿದ ಗಡ್ಡ ತಂತಿ ಇದ್ದಂತೆ. 2-3 ನಿಮಿಷ ನೀರಲ್ಲಿ ನೆನೆದರೆ ಮೆತ್ತಗಾಗುತ್ತದೆ. ಕ್ಷೌರದ ನಂತರವೇ ಸ್ನಾನ, ಒಪ್ಪಿದೆ. ಅದಕ್ಕೆ ಮೊದಲು ಕೆನ್ನೆ ನೆನೆಸಬಾರದು ಅಂತ ಯಾವ ಶಾಸ್ತ್ರದಲ್ಲಿದೆ? ಬ್ರಷ್ಷಿನಲ್ಲಿ ದಪ್ಪಗೆ ನೊರೆ ಬರಿಸಲು ಬಿಡಿ. ಕೂದಲು ಬೆಳೆದ ದಿಕ್ಕಿಗೇ ಎಳೆಯಲು ಹೇಳಿ. ಇನ್ನೂ ನುಣ್ಣಗೆ ಬೇಕೆಂದರೆ ಮತ್ತೆ ನೊರೆ ಹಚ್ಚಿಸಿಕೊಳ್ಳಿ. "ಬೇಗ ಮುಗ್ಸಪ್ಪಾ, ದರ್ಶನಕ್ಕೆ ಹೊತ್ತಾಯ್ತು" ಅಂದರೆ ಅವನಾದರೂ ಏನು ಮಾಡಿಯಾನು?

ಒಂದಕ್ಕೆ ಮಾತ್ರ ಹಟ ಹಿಡಿಯಿರಿ: ಕಣ್ಣೆದುರೇ ಹೊಸ ಬ್ಲೇಡು ಮುರಿದು ಕತ್ತಿಗೆ ಹಾಕಿಸಿ. ಹೆಪಟೈಟಿಸ್ ಬಿ ಅಂಟಿದರೆ ಗಂಗೆಯಲ್ಲಿ ತೊಳೆದು ಹೋಗಲ್ಲ. ದಕ್ಷಿಣೆಗೆ ಚೌಕಾಸಿ ಮಾಡದವರು ಬ್ಲೇಡಿಗೆ ಯಾಕೆ ಮಾಡ್ತೀರಿ?