ಕಾಡಂಚಿನ ಆಸ್ಪತ್ರೆಗೆ ಕಾಡಂಚಿನ ಮಕ್ಕಳು

ಉತ್ತರ ಕನ್ನಡ ಜಿಲ್ಲೆಯ ಕೋಗಿಲಬನದವರಿಗೆ ಮೈ ಹುಷಾರಿಲ್ಲದಿದ್ದರೆ ದಾಂಡೇಲಿ ಪೇಟೆ ಹತ್ತಿರವೇ ಇದೆ. ಅದೇ ಕಾಳಿ ನದಿ ಹುಟ್ಟುವ ಡಿಗ್ಗಿಯ ಕಡೆ ಹೋದರೆ ಲೆಕ್ಕವೇ ಬೇರೆ. ಡಿಗ್ಗಿ ಇರುವ ಜೋಯಿಡಾ ತಾಲೂಕಿನ ವಿಸ್ತಾರ 1,800 ಚದರ ಕಿಲೋಮೀಟರಿಗೂ ಹೆಚ್ಚು, ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಗುಡ್ಡಗಾಡಿನಲ್ಲಿ 20,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಸರ್ಕಾರಿ ಮಾನದಂಡವನ್ನೇ ಹಿಡಿದರೆ ಇಡೀ ತಾಲೂಕಿಗೆ ಎರಡೋ ಮೂರೋ ಕೇಂದ್ರ ಸಾಕಾಗಬೇಕು! ತಲೆ ಎಣಿಸುವ ಈ ಲೆಕ್ಕಕ್ಕೆ ದಾರಿಯ ದೂರ ಕಾಣುವುದಿಲ್ಲ, ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳ ಕಾಣುವುದಿಲ್ಲ.

ಕಟ್ಟಡ ಕಟ್ಟಬಹುದು. ಅದರೊಳಗೆ ಕೂರುವವರು ಯಾರು? ಹೊರಗಿನಿಂದ ವೈದ್ಯರನ್ನು ಕಳಿಸುವುದೇ ಇಷ್ಟು ದಿನ ನಮಗೆ ಗೊತ್ತಿದ್ದ ಉತ್ತರ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಕಡ್ಡಾಯ ಸೇವೆ ಮಾಡಬೇಕೆಂದು ಕರ್ನಾಟಕ 2012ರಲ್ಲಿ ಕಾನೂನನ್ನೇ ತಂದಿತು. ಉದ್ದೇಶ ಒಳ್ಳೆಯದೇ. ಆದರೆ ಯಾವ ವಾಡೆಗೆ, ಅಂದರೆ ಕಾಡಿನ ಪುಟ್ಟ ಊರಿಗೆ, ಯಾವ ದಾರಿ, ಯಾವ ಮನೆಯಲ್ಲಿ ಬಸುರಿ ಇದ್ದಾಳೆ ಎಂದು ತಿಳಿಯುವಷ್ಟರಲ್ಲೇ ಆ ವರ್ಷ ಮುಗಿದಿರುತ್ತದೆ. ಭಾಷೆಯ ತೊಡಕು ಬೇರೆ. ಇಲ್ಲಿನ ಕಾಡಂಚಿನ ಸಮುದಾಯಗಳಲ್ಲಿ ಕುಣಬಿಗಳ ಮನೆಮಾತು ಕೊಂಕಣಿ, ಗೌಳಿಗಳದು ಮರಾಠಿಗೆ ಹತ್ತಿರದ್ದು, ಸಿದ್ದಿಗಳ ಕೊಂಕಣಿಗೆ ಅದರದೇ ಧಾಟಿ. ಹೊಟ್ಟೆನೋವು ಎಲ್ಲಿಂದ ಎದ್ದು ಎಲ್ಲಿಗೆ ಇಳಿಯುತ್ತದೆ ಎಂದು ಹೆಂಗಸೊಬ್ಬಳು ಹೇಳಿಕೊಳ್ಳುವುದು ತನ್ನ ಮನೆಮಾತಿನಲ್ಲಿ, ಅದೂ ನಂಬಿಕೆ ಹುಟ್ಟಿದ ಮೇಲೆ.

ನನ್ನ ವಾದ ಇಷ್ಟೇ: ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡು ಈ ನಾಲ್ಕು ತಾಲೂಕುಗಳಿಗೆ ಬೇಕಾದ ದಾದಿಯರು, ಸೂಲಗಿತ್ತಿಯರು, ಲ್ಯಾಬ್ ತಂತ್ರಜ್ಞರು, ನಾಳೆಯ ವೈದ್ಯರೂ ಇಲ್ಲಿನ ವಾಡೆಗಳಿಂದಲೇ, ಗೌಳಿ ದಡ್ಡಿಗಳಿಂದಲೇ ಬರಬೇಕು.

ಇದು ಬರೀ ಕನಸಲ್ಲ. ಡಾ. ಎಚ್. ಸುದರ್ಶನ್ 1981ರಲ್ಲಿ ಬಿಳಿಗಿರಿರಂಗನ ಬೆಟ್ಟದಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಸೋಲಿಗರ ಹೆಣ್ಣುಮಕ್ಕಳಿಗೇ ಎಎನ್‌ಎಂ (ಸಹಾಯಕ ದಾದಿ ಮತ್ತು ಸೂಲಗಿತ್ತಿ) ತರಬೇತಿ ಕೊಟ್ಟಿತು. ಗಡಿಯಾಚೆಯ ಗೂಡಲೂರಿನ ಆದಿವಾಸಿ ಆಸ್ಪತ್ರೆಯಲ್ಲೂ ಅಲ್ಲಿನ ಬುಡಕಟ್ಟಿನ ಹುಡುಗಿಯರೇ ದಾದಿಯರಾಗಿ ನಿಂತರು. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ಮನೆಮನೆಗೆ ಹೋಗಿ ಕೂಸನ್ನು ತೂಗಿ, ಬೆಚ್ಚಗಿಟ್ಟು, ಉಸಿರಿನ ವೇಗ ಎಣಿಸಿ, ಸೋಂಕು ಕಂಡಾಗ ಔಷಧ ಕೊಟ್ಟ ಆ ಹೆಂಗಸರಿಂದ ನವಜಾತ ಶಿಶು ಮರಣ ಅರ್ಧಕ್ಕಿಂತ ಕೆಳಗಿಳಿಯಿತು. 1999ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಪಟ್ಟಣದವರಿಗೆ ತಜ್ಞ ವೈದ್ಯ, ಕಾಡಿನವರಿಗೆ ಅರೆಬರೆ ಕಲಿತ ಕಾರ್ಯಕರ್ತೆ, ಇದು ಯಾವ ನ್ಯಾಯ? ಪ್ರಶ್ನೆ ಸರಿಯಾಗಿಯೇ ಇದೆ. ಕಟ್ಟುಹಾವಿನ ಕಡಿತವನ್ನೇ ನೋಡಿ. ಮಳೆಗಾಲದ ರಾತ್ರಿ, ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ಬಾವು ಬರುವುದಿಲ್ಲ, ಇರುವೆ ಕಚ್ಚಿದಷ್ಟೂ ಉರಿಯದಿರಬಹುದು. ಬೆಳಗಿನ ಹೊತ್ತಿಗೆ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುತ್ತದೆ, ಮಾತು ತೊದಲುತ್ತದೆ, ಕೊನೆಗೆ ಉಸಿರೇ ಕಟ್ಟುತ್ತದೆ. ಜೋಲುವ ರೆಪ್ಪೆಯನ್ನು ಮೊದಲು ಗುರುತಿಸಬೇಕಾದವಳು ಪಕ್ಕದ ಮನೆಯ ಆಶಾ ಕಾರ್ಯಕರ್ತೆ. ಆದರೆ ಅವಳು ಗುರುತಿಸಿಯೂ ಫಲವೇನು, ವಿಷನಿರೋಧಕ ಚುಚ್ಚುಮದ್ದು ಕೊಟ್ಟು ಉಸಿರಾಟ ಕಾಯುವ ವೈದ್ಯರು ತಾಲೂಕು ಆಸ್ಪತ್ರೆಯಲ್ಲಿ ಇರದಿದ್ದರೆ, ಆಂಬುಲೆನ್ಸ್ ಬರದಿದ್ದರೆ? ಹಾಗಾಗಿ ಊರಿನ ಹುಡುಗಿಯನ್ನು ವೈದ್ಯರ ಬದಲಿಗೆ ನಿಲ್ಲಿಸುವಂತಿಲ್ಲ. ಇಬ್ಬರೂ ಬೇಕು, ನಡುವಿನ ದಾರಿಯೂ ಬೇಕು. 2022ರಲ್ಲಿ ಉತ್ತರ ಕನ್ನಡದ ಜನ ಸುಸಜ್ಜಿತ ಆಸ್ಪತ್ರೆಗಾಗಿ ದನಿ ಎತ್ತಿದ್ದು ನ್ಯಾಯವಾಗಿಯೇ ಇತ್ತು. ಆದರೆ ಆ ಬೇಡಿಕೆ ಕಟ್ಟಡ ಮತ್ತು ಯಂತ್ರಗಳಿಗಷ್ಟೇ ನಿಲ್ಲಬಾರದು.

ಇರುವವರನ್ನು ನಾವು ನಡೆಸಿಕೊಳ್ಳುವ ರೀತಿಯಂತೂ ನಾಚಿಕೆ ತರುವಂಥದ್ದು. 2005ರಲ್ಲಿ ಆಶಾ ಯೋಜನೆ ಶುರುವಾದಾಗಿನಿಂದ ಅವರನ್ನು ಸ್ವಯಂಸೇವಕಿಯರು ಎಂದೇ ಕರೆಯುತ್ತ ಬಂದಿದ್ದೇವೆ. ತಿಂಗಳಿಗೆ ಖಾತ್ರಿಯಾದ ಗೌರವಧನ ಬೇಕೆಂದು ಕೇಳಲು 2025ರ ಜನವರಿಯಲ್ಲಿ ಅವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಧರಣಿ ಕೂರಬೇಕಾಯಿತು. ಹತ್ತಾರು ವರ್ಷ ವಾಡೆ ಸುತ್ತಿದ ಆಶಾ, ಓದಿ ಎಎನ್‌ಎಂ ಆಗಲು, ಮುಂದೆ ಸ್ಟಾಫ್ ನರ್ಸ್ ಆಗಲು ಮೆಟ್ಟಿಲು ಇರಲೇಬೇಕು.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಜಿಲ್ಲೆಯ ಸಿದ್ದಿಗಳಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆಯೂ ಸಿಕ್ಕಿದೆ. ಕುಣಬಿಗಳು ಇನ್ನೂ ಅದನ್ನು ಕೇಳುತ್ತಲೇ ಇದ್ದಾರೆ. ಆ ತೀರ್ಮಾನಕ್ಕೆ ಕಾಯದೆ, ಜಿಲ್ಲೆಯ ನರ್ಸಿಂಗ್ ಮತ್ತು ಅರೆವೈದ್ಯಕೀಯ ಸೀಟುಗಳಲ್ಲಿ ಒಂದು ಪಾಲನ್ನು ಜೋಯಿಡಾ, ಹಳಿಯಾಳ, ದಾಂಡೇಲಿ, ಮುಂಡಗೋಡಿನ ಕಾಡಂಚಿನ ಶಾಲೆಗಳಲ್ಲಿ ಓದಿದವರಿಗೆ ಮೀಸಲಿಡಿ. ಹಾಸ್ಟೆಲ್ ಖರ್ಚನ್ನು ಸರ್ಕಾರ ಹೊರಲಿ. ಓದು ಮುಗಿಸಿದವರಿಗೆ ತಮ್ಮ ತಾಲೂಕಿನಲ್ಲೇ ಕಾಯಂ ಹುದ್ದೆ, ವಾಸಕ್ಕೆ ಯೋಗ್ಯ ವಸತಿಗೃಹ ಸಿಗಲಿ. ಮುಂದಿನ ಸಲ ಶಾಸಕರು ಆಸ್ಪತ್ರೆಯ ಶಂಕುಸ್ಥಾಪನೆಗೆ ಬಂದಾಗ, ಅದರಲ್ಲಿ ಕೆಲಸ ಮಾಡಲು ನಮ್ಮೂರಿನ ಎಷ್ಟು ಮಕ್ಕಳನ್ನು ಓದಿಸುತ್ತಿದ್ದೀರಿ ಎಂದು ಎದ್ದು ನಿಂತು ಕೇಳಿ.